ಶಾಣಿ ಮಡಿಲಲ್ಲಿ ಮಲಗಿದ ಮಧ್ಯಾಹ್ನ

ಸತ್ತದ್ದು ತಿರುಗಿ ಬರುತ್ತದೆ ಅನ್ನುವ ಮಾತನ್ನು ನಾನು ಎಂದೂ ನಂಬಿದವಳಲ್ಲ. ಇಂಥ ಕಥೆಗಳಿಗೆ ನಮ್ಮ ಮನೆತನದಲ್ಲಿ ಬರವೇನೂ ಇರಲಿಲ್ಲ. ರಾಯಚೂರಿನಿಂದ ಸೋದರತ್ತೆ ಬಂದಳೆಂದರೆ ಸಾಕು, ಬಾವಿಕಟ್ಟೆಯ ಮೇಲೆ ಕೂತ ಹೆಂಗಸು, ತಾನೇ ತೂಗುವ ತೊಟ್ಟಿಲು, ಒಂದೇ ಎರಡೇ! ಮನೆಮಂದಿಯೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ ನಾನು ಎದ್ದು ಹೋಗಿ ಮಲಗುತ್ತಿದ್ದೆ. ಮುಂದೆ ನಾರಾಯಣಗೂಡದ ಕಾಲೇಜೊಂದರ ಲೈಬ್ರರಿಯಲ್ಲಿ ನೌಕರಿಗೆ ಸೇರಿದ ಮೇಲೆ ಈ ಸ್ವಭಾವ ಇನ್ನಷ್ಟು ಗಟ್ಟಿಯಾಯಿತು. ಪುಸ್ತಕ ಕಪಾಟಿನಲ್ಲಿರಬೇಕು, ಇಲ್ಲವೇ ಯಾರೋ ಒಯ್ದಿರಬೇಕು, ಮೂರನೆಯ ಮಾತೇ ಇಲ್ಲ. ಹುಡುಗರು ಬಂದು ಪುಸ್ತಕ ಮಾಯವಾಗಿದೆ ಮೇಡಂ ಅಂದರೆ, ಹೋಗಿ ಕಪಾಟಿನ ಹಿಂದೆ ಕೈ ಹಾಕಿ ನೋಡು ಅನ್ನುತ್ತಿದ್ದೆ. ಬಹಳ ಸಲ ಅಲ್ಲೇ ಬಿದ್ದಿರುತ್ತಿತ್ತು.

ಈಗ ಹೇಳಹೊರಟಿರುವ ಸಂಗತಿಯಲ್ಲಿ ಮಾತ್ರ ನಾನು ಹಾಗೆ ಕೈ ಹಾಕಿ ನೋಡಿಲ್ಲ. ಯಾಕೆ ಅನ್ನುವುದು ನಿಮಗೆ ಕೊನೆಯಲ್ಲಿ ತಿಳಿಯುತ್ತದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಿಟ್ಟಿನ ಹೆಂಗಸು. ಇವಳ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಅಂತ ನಮ್ಮವ್ವ ಎಲ್ಲರೆದುರು ಹೇಳುತ್ತಿದ್ದಳು. ಕೆಲವರ ಸಿಟ್ಟು ಹಾಲಿನಂತೆ ಉಕ್ಕಿ ಇಳಿಯುತ್ತದೆ, ನನ್ನದು ಇಳಿಯುವ ಜಾತಿಯದಲ್ಲ. ಇದನ್ನು ಓದಿದ ಮೇಲೆ ನಿಮಗೆ ನನ್ನ ಮೇಲೆ ಬೇಸರ ಬಂದರೆ ಬರಲಿ. ಸುಳ್ಳು ಯಾಕೆ ಹೇಳಲಿ?

ನಾರಾಯಣಗೂಡದ ನಮ್ಮ ಮನೆ ಅಪ್ಪ ಸರಕಾರಿ ನೌಕರಿಯಲ್ಲಿದ್ದಾಗ ಕಟ್ಟಿಸಿದ್ದು. ಕೆಳಗಿನ ಭಾಗದಲ್ಲಿ ನಾನು ಒಬ್ಬಳೇ ಇದ್ದೇನೆ. ಮದುವೆ ಆಗಲಿಲ್ಲ, ಆ ಕಥೆ ಇಲ್ಲಿ ಬೇಡ. ಮೇಲಿನ ಭಾಗದಲ್ಲಿ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಇದ್ದರು. ಅಣ್ಣ ತೀರಿಕೊಂಡು ಆಗ ಐದು ವರ್ಷವಾಗಿತ್ತು. ಅವರ ಮಗ ಪ್ರಾಣೇಶ ಬ್ಯಾಂಕಿನ ನೌಕರ, ಹೆಂಡತಿ ಮಗುವಿನೊಂದಿಗೆ ಊರಿನ ಆ ತುದಿಯ ಮಿಯಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿದ್ದ. ಮೆಟ್ರೋ ಹಿಡಿದರೆ ಒಂದು ತಾಸಿನ ದಾರಿ. ವೈನಿಯ ಮನೆಯ ಮೇಲೆ ಮಾಳಿಗೆ, ಮಾಳಿಗೆಯ ಮೂಲೆಯಲ್ಲಿ ತಗಡು ಹೊದಿಸಿದ ಒಂದು ಖೋಲಿ. ಅದರಲ್ಲಿ ಮಡಿಯ ಅಡಿಗೆಗೆ ಬಳಸುವ ಹಿತ್ತಾಳೆ ಪಾತ್ರೆಗಳು ಇರುತ್ತಿದ್ದವು. ಆ ಖೋಲಿಯ ಬಾಗಿಲಿಗೆ ಹೊರಗಿನಿಂದ ಒಂದು ಹಳೆಯ ಚಿಲಕ. ಬಾಗಿಲು ಗಾಳಿಗೆ ಬಡಿದುಕೊಂಡರೆ ಸಾಕು, ಆ ಚಿಲಕ ತಾನಾಗಿ ಕೆಳಗೆ ಬಿದ್ದು ಕೂಡುತ್ತಿತ್ತು. ಅದಕ್ಕೇ ಒಳಗೆ ಹೋಗುವವರು ಒಡೆದ ಒರಳಿನ ಗುಂಡುಕಲ್ಲನ್ನು ಬಾಗಿಲಿಗೆ ಆನಿಸಿ ಹೋಗಬೇಕು. ಇದು ನಮ್ಮ ಮನೆಯ ಕೂಸಿಗೂ ಗೊತ್ತಿದ್ದ ಸಂಗತಿ.

ಶಾಣಿ ನನ್ನ ಬೆಕ್ಕು. ಶಾಣಿ ಅಂದರೆ ನಮ್ಮ ಕಡೆ ಜಾಣೆ. ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಬೂದಿ ಬಣ್ಣದ ಮರಿ ಸಿಕ್ಕಿತ್ತು, ಕಾಲು ನಾಲ್ಕೂ ಬೆಳ್ಳಗೆ. ಆರು ವರ್ಷ ನನ್ನ ಜೊತೆಗಿತ್ತು. ವೈನಿಯ ಮಡಿಗೆ ಹೆದರಿ ಅದನ್ನು ಹಾಲನ್ನದ ಬೆಕ್ಕು ಅಂತಲೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಕೋಠಿಯ ಪೇಟೆಯ ಕಡೆ ಹೋದಾಗಲೆಲ್ಲ ಮೀನಿನ ವಾಸನೆಯ ಕಾಳಿನ ಪ್ಯಾಕೆಟ್ಟು ತಂದು, ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದೆ. ಸಂಜೆ ನಾನು ಅಪ್ಪನ ಆರಾಮ ಕುರ್ಚಿಯಲ್ಲಿ ಕೂತೆನೆಂದರೆ ಬಂದು ಮಡಿಲೇರುತ್ತಿತ್ತು. ಮೊದಲು ಮುಂಗಾಲಿನಿಂದ ತೊಡೆಯನ್ನು ತುಳಿಯುವುದು, ಆಮೇಲೆ ಎಡಕ್ಕೆ ಒಂದು ಸುತ್ತು ಸುತ್ತುವುದು, ನನ್ನ ಹೊಟ್ಟೆಗೆ ಬೆನ್ನು ಕೊಟ್ಟು ಮಲಗುವುದು. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ.

ನಮ್ಮವ್ವನ ಕಾಲದಿಂದ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮಡಿಲಲ್ಲಿ ಮಲಗಿದ ಬೆಕ್ಕನ್ನು ಎಬ್ಬಿಸಬಾರದು, ಅದು ನಂಬಿ ಮಲಗಿರುತ್ತದೆ, ಎಬ್ಬಿಸಿದರೆ ಪಾಪ. ಹೀಗಾಗಿ ಬೆಕ್ಕು ಮಲಗಿದವರಿಗೆ ಮನೆಗೆಲಸ ಮಾಫಿ. ಅಂಗಡಿಗೆ ಹೋಗಿ ಬಾ ಅಂದರೆ, ಬೆಕ್ಕು ಮಲಗ್ಯದ ಅಂದುಬಿಟ್ಟರೆ ಮುಗಿಯಿತು, ಯಾರೂ ಮತ್ತೆ ಕೇಳುವಂತಿಲ್ಲ. ಅಪ್ಪ ಆಫೀಸಿನ ಕಾಗದ ಓದುವ ಬೇಸರಕ್ಕೆ ಬೇಕೆಂದೇ ಬೆಕ್ಕನ್ನು ಕರೆದು ಕೂಡಿಸಿಕೊಳ್ಳುತ್ತಿದ್ದ. ನಾವು ನಗುತ್ತಿದ್ದೆವು, ಆದರೂ ಆ ಮಾತನ್ನು ಯಾರೂ ಮೀರುತ್ತಿರಲಿಲ್ಲ.

ಬೆಕ್ಕಿನದೇ ಇನ್ನೊಂದು ಕಟ್ಟಳೆ ಶ್ರಾದ್ಧದ ದಿನದ್ದು. ಪಿತೃಗಳ ಅಡಿಗೆಗೆ ಬೆಕ್ಕು ಬಾಯಿ ಹಾಕಬಾರದೆಂದು ಆ ದಿನ ಅದನ್ನು ದೊಡ್ಡ ಬೆತ್ತದ ಬುಟ್ಟಿ ಮುಚ್ಚಿ ಕೂಡಿಸುತ್ತಿದ್ದರು. ಬ್ರಾಹ್ಮಣರ ಊಟವಾಗಿ, ಅವರ ಕೈಗೆ ತಾಂಬೂಲ ಕೊಡುವ ಮೊದಲು, ಬುಟ್ಟಿ ಎತ್ತಿದಿರೇನು ಅಂತ ಒಬ್ಬರು ಕೇಳಬೇಕು. ಬುಟ್ಟಿ ಎತ್ತಿ, ಬೆಕ್ಕಿಗೆ ಪಾಯಸ ಇಟ್ಟ ಮೇಲೆಯೇ ತಾಂಬೂಲ. ಹಾಗೆ ಕೇಳುವ ಕೆಲಸ ಸಣ್ಣವಳಿದ್ದಾಗಿನಿಂದ ನನ್ನದು. ಅಪ್ಪನ ಶ್ರಾದ್ಧದಲ್ಲಿ, ಅವ್ವನ ಶ್ರಾದ್ಧದಲ್ಲಿ, ಕೊನೆಗೆ ಅಣ್ಣನ ಶ್ರಾದ್ಧದಲ್ಲಿಯೂ ನಾನೇ ಕೇಳುತ್ತಿದ್ದೆ.

ಆ ಬೇಸಿಗೆ ರಜೆಯಲ್ಲಿ ಕಾಲೇಜಿನ ಗೆಳತಿಯರು ಕಾಶಿಗೆ ಹೊರಟರು. ಹತ್ತು ದಿನದ ಪ್ರವಾಸ, ನನ್ನದೂ ಒಂದು ಟಿಕೆಟ್ಟು ತೆಗೆಸಿದರು. ಶಾಣಿಯನ್ನು ಬಿಟ್ಟು ನಾನು ಒಂದು ರಾತ್ರಿಯೂ ಹೊರಗೆ ಇದ್ದವಳಲ್ಲ. ಬೆಕ್ಕುಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗಗಳು ಊರಲ್ಲಿ ಇವೆ, ಒಂದನ್ನು ನೋಡಿಯೂ ಬಂದೆ. ಸಾಲಾಗಿ ಪಂಜರ ಇಟ್ಟಿದ್ದರು. ಛೇ, ತಪ್ಪು ಮಾಡಿದ ಕೈದಿಯೇ ನನ್ನ ಬೆಕ್ಕು ಅಂತ ತಿರುಗಿ ಬಂದೆ. ಬೆಕ್ಕು ಮನುಷ್ಯರಿಗಿಂತ ಮನೆಯನ್ನು ಹಚ್ಚಿಕೊಳ್ಳುತ್ತದೆ, ಮನೆಯಲ್ಲೇ ಇರಲಿ, ಹೇಗೂ ಮೇಲೆ ವೈನಿ ಇದ್ದಾರೆ ಅನಿಸಿತು. ಕೇಳಿದೆ. ಅವರು ಮುಖ ಸ್ವಲ್ಪ ಸಣ್ಣದು ಮಾಡಿದರೂ ಒಪ್ಪಿದರು. "ಹೋಗಿ ಬಾರವಾ, ಒಂದು ಬೆಕ್ಕಿಗೆ ಹಾಲು ಹಾಕಲಿಕ್ಕೆ ನನಗೇನು ಆಗ್ತದ" ಅಂದರು. ಬೆಳಿಗ್ಗೆ ಹಾಲನ್ನ, ಸಂಜೆ ಹಾಲನ್ನ, ನೀರು ದಿನಾ ಬದಲಿಸಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಕೀಲಿಕೈ ಕೊಟ್ಟು, ಅವರಿಗೆ ನಮಸ್ಕಾರ ಮಾಡಿ ಹೊರಟೆ.

ಒಂದು ತಪ್ಪು ನನ್ನಿಂದಲೂ ಆಯಿತು. ಪಂಚಾಂಗ ನೋಡಲಿಲ್ಲ. ಅಣ್ಣನ ತಿಥಿ ಆ ವರ್ಷ ಆ ಹತ್ತು ದಿನಗಳಲ್ಲೇ ಬರುವುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ವೈನಿಗೆ ಗೊತ್ತಿತ್ತು, ಹೇಳಲಿಲ್ಲ. ಹೇಳಿದರೆ ಹೋಗುವುದನ್ನು ಬಿಡುತ್ತಾಳೆ, ಪಾಪ, ಹೋಗಿ ಬರಲಿ ಅಂತ ಸುಮ್ಮನಿದ್ದರಂತೆ. ಈ ಒಂದು ಒಳ್ಳೆಯತನವನ್ನು ಅವರ ಲೆಕ್ಕಕ್ಕೆ ಬರೆಯಲೇಬೇಕು.

ಕಾಶಿಯಿಂದ ದಿನಾ ಸಂಜೆ ಫೋನು ಮಾಡುತ್ತಿದ್ದೆ. ದಿನಾ ಒಂದೇ ಉತ್ತರ. "ಉಂಡಾಳ ನಿನ್ನ ಶಾಣಿ. ಈಗರೆ ಹಾಲು ಕುಡದು ಮೆಟ್ಟಲ ಮ್ಯಾಲೆ ಮಲಗ್ಯಾಳ." ಆರನೆಯ ದಿನವೋ ಏಳನೆಯ ದಿನವೋ, ಅವರ ಮಾತಿನ ಹಿಂದೆ ಒಂದು ಹೆಣ್ಣುದನಿ, "ಕೃಪಯಾ ದರ್ವಾಜಾ ಬಂದ್ ಕರೇಂ" ಅಂತ ಹೇಳುತ್ತಲೇ ಇತ್ತು. ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಹೀಗೆ ಹೇಳುತ್ತದಲ್ಲ, ಆ ದನಿ. ನಮ್ಮ ಮನೆಯಲ್ಲಿ ಲಿಫ್ಟು ಎಲ್ಲಿಂದ ಬರಬೇಕು? ಆದರೆ ಘಾಟಿನ ಗದ್ದಲದಲ್ಲಿ ನಿಂತಿದ್ದ ನನಗೆ ಅದು ಹೊಳೆಯಲಿಲ್ಲ. ಫೋನು ಇಟ್ಟು ಗೆಳತಿಯರ ಜೊತೆ ಆರತಿ ನೋಡಲು ಹೋದೆ.

ತಿರುಗಿ ಬಂದಾಗ ಶಾಣಿ ಇರಲಿಲ್ಲ. ನಿನ್ನೆ ಸಂಜೆಯಿಂದ ಕಾಣುತ್ತಿಲ್ಲ, ಓಡಿಹೋಗಿದೆ ಅಂದರು ವೈನಿ. ಎರಡು ದಿನ ಗಲ್ಲಿಗಲ್ಲಿ ಸುತ್ತಿದೆ. ಪಕ್ಕದ ಕೋಚಿಂಗ್ ಸೆಂಟರಿನ ಮಕ್ಕಳಿಗೆ, ಇಸ್ತ್ರಿಯವನಿಗೆ, ಹಾಲಿನ ಬೂತಿನವಳಿಗೆ ಫೋನಿನಲ್ಲಿ ಫೋಟೊ ತೋರಿಸಿ, ತೆಲುಗಿನಲ್ಲಿ ಹಿಂದಿಯಲ್ಲಿ ಕೇಳಿದ್ದೇ ಕೇಳಿದ್ದು. ವೈನಿ ಆ ಎರಡು ದಿನವೂ ಮೆಟ್ಟಿಲ ಮೇಲೆ ಲೋಬಾನದ ಹೊಗೆ ಹಾಕುತ್ತಿದ್ದರು. ಯಾಕೆ ಅಂದರೆ, ಸೊಳ್ಳೆ ಭಾಳ ಆಗ್ಯಾವ ಅಂದರು.

ಮೂರನೆಯ ದಿನ ಪ್ರಾಣೇಶನಿಗೆ ಫೋನು ಮಾಡಿದೆ, ಬೇರೆ ಯಾವುದೋ ಕೆಲಸಕ್ಕೆ. ಮಾತಿನ ನಡುವೆ ಬೆಕ್ಕು ಕಳೆದ ಸುದ್ದಿ ಹೇಳಿದೆ. ಆ ಹುಡುಗ ಏನೂ ಅರಿಯದೆ ಹೇಳಿಬಿಟ್ಟ. ಶ್ರಾದ್ಧದ ದಿವಸ ಅದು ಅಡಿಗೆಮನೆಗೆ ನುಗ್ಗುತ್ತಿತ್ತಂತೆ, ಬುಟ್ಟಿಗೆ ನಿಲ್ಲಲಿಲ್ಲವಂತೆ, ಅದಕ್ಕೇ ಅವ್ವ ಒಯ್ದು ಮಾಳಿಗೆ ಖೋಲಿಯಲ್ಲಿ ಹಾಕಿ ಚಿಲಕ ಹಾಕಿದಳಂತೆ. ಊಟ ಮುಗಿಯುವ ಹೊತ್ತಿಗೆ ಮಿಯಾಪುರದಿಂದ ಅವನ ಮಗುವಿಗೆ ಜ್ವರ ಬಂದಿರುವ ಫೋನು ಬಂತು. ಗಡಬಡಿಸಿ ತಾಯಿಯನ್ನೂ ಕರೆದುಕೊಂಡು ಹೋದ. ಐದು ದಿನ ಅವ್ವ ಅಲ್ಲೇ ಇದ್ದಳು, ನಿನಗೆ ಗೊತ್ತಿಲ್ಲೇನು ಅತ್ಯಾ ಅಂತ ಕೇಳಿದ. ಆಗ ಆ ಲಿಫ್ಟಿನ ದನಿ ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು.

ಮಾಳಿಗೆಗೆ ಓಡಿದೆ. ಚಿಲಕ ತೆಗೆದೆ. ಒಳಗೆ ಕಂಡದ್ದನ್ನು ಬರೆಯುವುದಿಲ್ಲ. ಬಾಗಿಲ ಒಳಮೈಯನ್ನು ಮಾತ್ರ ಹೇಳುತ್ತೇನೆ. ನೆಲದಿಂದ ಒಂದು ಗೇಣಿನವರೆಗೆ ಬಣ್ಣವೆಲ್ಲ ಕಿತ್ತು ಕಟ್ಟಿಗೆ ಕಾಣುತ್ತಿತ್ತು. ಮೇ ತಿಂಗಳ ಬಿಸಿಲು, ಮೇಲೆ ತಗಡು, ಒಂದು ಹನಿ ನೀರಿಲ್ಲ. ನನ್ನ ಶಾಣಿ ಎಷ್ಟು ದಿನ ಕೆರೆಯಿತೋ.

ವೈನಿ ಮೆಟ್ಟಿಲ ತುದಿಗೆ ಬಂದು ನಿಂತಿದ್ದರು. ಮರೆತೆ ಅಂದರು. ಮರೆತದ್ದನ್ನು ನಾನು ಒಪ್ಪಬಲ್ಲೆ, ಮನುಷ್ಯರು ಮರೆಯುತ್ತಾರೆ. ಆದರೆ ಯಾವಾಗ ನೆನಪಾಯಿತು? ಮಿಯಾಪುರದಲ್ಲಿ ಕೂತು ಉಂಡಾಳ, ಮಲಗ್ಯಾಳ ಅನ್ನುವಾಗ ನೆನಪಾಗಿರಲಿಲ್ಲವೇ? ಆಗ ಒಂದು ಮಾತು ಹೇಳಿದ್ದರೆ ಕೋಚಿಂಗ್ ಸೆಂಟರಿನ ಯಾರಿಗಾದರೂ ಫೋನು ಮಾಡಿ ಚಿಲಕ ತೆಗೆಸುತ್ತಿದ್ದೆ. ಕೇಳಿದೆ. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಆತು ಬಿಡವಾ, ಪ್ರಾಣಿ ಅದು. ಇನ್ನೊಂದು ತಂದ್ರಾತು" ಅಂದರು.

ಜೀವಮಾನದಲ್ಲಿ ಹಿರಿಯರಿಗೆ ಎದುರಾಡದ ನಾನು ಅವತ್ತು ಆಡಿದೆ. "ನೀವೂ ಹಿಂಗ ಬಾಗಿಲಾ ಕೆರಕೋತ ಕೂಡ್ರಿ ವೈನಿ. ಕೇಳೋರು ಇರಲಿ, ತಗಿಯೋರು ಇರಬಾರದು." ಇಷ್ಟೇ ಅಂದೆ. ಕೂಗಲಿಲ್ಲ, ಮೆಲ್ಲಗೇ ಅಂದೆ.

ಶಾಣಿಯನ್ನು ಅಂಗಳದ ಕರಿಬೇವಿನ ಗಿಡದ ಬುಡದಲ್ಲಿ ಹೂಳಿದೆ. ಬೀದಿನಾಯಿಗಳು ಕೆದರಬಾರದೆಂದು ಮೇಲೆ ಒಂದು ಭಾರದ ಕಲ್ಲು ಬೇಕಾಗಿತ್ತು. ಮಾಳಿಗೆಗೆ ಹೋಗಿ, ಖೋಲಿಯ ಬಾಗಿಲಿಗೆ ಆನಿಸುವ ಆ ಗುಂಡುಕಲ್ಲನ್ನು ಎರಡೂ ಕೈಯಿಂದ ಎತ್ತಿ ಎದೆಗವಚಿಕೊಂಡು ಎರಡು ಅಂತಸ್ತು ಇಳಿಸಿ ತಂದೆ. ಅಂಗಳದ ಗೋಡೆಯ ಪಕ್ಕದಲ್ಲೇ ಹಳೆಯ ಕಟ್ಟಡದ ಕಲ್ಲುಗಳು ರಾಶಿ ಬಿದ್ದಿದ್ದವು. ಅದನ್ನು ಬಿಟ್ಟು ಮೇಲಿನ ಕಲ್ಲನ್ನೇ ಯಾಕೆ ತಂದೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಅವತ್ತಿನಿಂದ ವೈನಿಯ ಜೊತೆ ಮಾತು ಬಿಟ್ಟೆ. ಅವರು ಬಣ್ಣದವನನ್ನು ಕರೆಸಿ ಆ ಬಾಗಿಲಿಗೆ ಒಳಗೂ ಹೊರಗೂ ಹೊಸದಾಗಿ ಹಸಿರು ಬಣ್ಣ ಹಚ್ಚಿಸಿದರು. ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕಂತೆ, ಕೊಡಿಸುತ್ತೇನೆ ಅಂತ ನಮ್ಮ ಕೆಲಸದ ದೇವಮ್ಮನ ಕೈಯಲ್ಲಿ ಹೇಳಿಕಳಿಸಿದರು. ಮಾಡಿಸಿಕೊಳ್ಳಲಿ, ಅದು ಅವರಿಗೂ ದೇವರಿಗೂ ಇದ್ದ ವ್ಯವಹಾರ. ನಾನು ರಾತ್ರಿ ಮಲಗುವಾಗ ಅದೇ ಮಾತನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಅನ್ನುತ್ತಿದ್ದೆ. ಕೇಳೋರು ಇರಲಿ, ತಗಿಯೋರು ಇರಬಾರದು. ಜಪದಂತೆ ಅನ್ನುತ್ತಿದ್ದೆ, ಹಾಗೆ ಅಂದರೆ ನಿದ್ದೆ ಬರುತ್ತಿತ್ತು.

ಆಷಾಢದ ಕೊನೆಯ ಭಾನುವಾರ ಅದು ನಡೆಯಿತು. ವಾರದಿಂದ ಮಳೆಯಿಲ್ಲ, ಸೆಕೆ, ಆದರೆ ಗಾಳಿ ಮಾತ್ರ ಊರನ್ನೇ ಹೊತ್ತೊಯ್ಯುವಂತೆ ಬೀಸುತ್ತಿತ್ತು. ಕರೆಂಟು ಹೋಗಿತ್ತು. ಪಕ್ಕದ ಕೋಚಿಂಗ್ ಸೆಂಟರಿಗೆ ರಜೆ, ಗಲ್ಲಿಯಲ್ಲಿ ಸದ್ದೇ ಇಲ್ಲ. ಎರಡು ಗಂಟೆಗೆ ಊಟ ಮಾಡಿ ಅಪ್ಪನ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡೆ. ವೈನಿ ಮೇಲಿನ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಶ್ರಾವಣ ಬಂತಲ್ಲ, ಹಿತ್ತಾಳೆ ಪಾತ್ರೆ ತೆಗೆಯಲು ಹೊರಟಿರಬೇಕು ಅಂದುಕೊಂಡೆ. ಮೆಟ್ಟಿಲ ಹಾದಿ ನನ್ನ ಕೋಣೆಯ ಪಕ್ಕದಲ್ಲೇ ಇರುವುದರಿಂದ ಮಾಳಿಗೆಯಲ್ಲಿ ಸೂಜಿ ಬಿದ್ದರೂ ಕೆಳಗೆ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ಬಾಗಿಲು ಧಡಾರನೆ ಬಡಿದ ಸದ್ದು ಬಂತು.

ಅದೇ ಹೊತ್ತಿಗೆ ನನ್ನ ತೊಡೆಯ ಮೇಲೆ ಏನೋ ಕಾಲಿಟ್ಟಿತು.

ಮೊದಲು ಮುಂಗಾಲಿನಿಂದ ತುಳಿಯಿತು, ಬಲಗಾಲು, ಎಡಗಾಲು, ಮೆಲ್ಲಗೆ. ಆಮೇಲೆ ಎಡಕ್ಕೆ ಒಂದು ಸುತ್ತು ಸುತ್ತಿತು. ನನ್ನ ಹೊಟ್ಟೆಗೆ ಬೆನ್ನು ಕೊಟ್ಟು ಮಲಗಿತು. ಭಾರ ಗೊತ್ತಾಯಿತು, ಬಿಸಿ ಗೊತ್ತಾಯಿತು, ಆ ಗುರುಗುಟ್ಟುವ ಸದ್ದು ಕಿವಿಗಲ್ಲ, ತೊಡೆಯ ಎಲುಬಿಗೆ ಗೊತ್ತಾಯಿತು. ನಾನು ನಿದ್ದೆಯಲ್ಲಿರಲಿಲ್ಲ. ಬೀದಿಯಲ್ಲಿ ಒಂದು ಆಟೊ ಹೋದದ್ದು, ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದದ್ದು ಎಲ್ಲ ಕೇಳುತ್ತಿತ್ತು. ಹೆದರಿಕೆ ಆಗಲಿಲ್ಲ. ಬಂದೆಯಾ ತಾಯಿ ಅಂತ ಮನಸ್ಸಿನಲ್ಲೇ ಅಂದೆ. ಕಣ್ಣು ತೆರೆಯಲಿಲ್ಲ, ಕೈಯಿಂದ ಮುಟ್ಟಲಿಲ್ಲ. ಮುಟ್ಟಿದರೆ ಹೋಗಿಬಿಡುತ್ತದೇನೋ ಅನಿಸಿತು.

ಮೇಲಿನಿಂದ ಬಾಗಿಲು ಬಡಿಯುವ ಸದ್ದು ಶುರುವಾಯಿತು. ಆಮೇಲೆ ವೈನಿಯ ದನಿ. "ತಂಗೀ, ಚಿಲಕ ಬಿದ್ದದ, ತಗೀಯವಾ." ಎರಡು ಸಲ, ಮೂರು ಸಲ. ಮಾತು ಬಿಟ್ಟ ಮೇಲೆ ಅವರು ನನ್ನನ್ನು ಕರೆದದ್ದು ಅದೇ ಮೊದಲು. ಅವರ ಫೋನು ಅವರ ಅಡಿಗೆಮನೆಯಲ್ಲೇ ಉಳಿದದ್ದು ಆಮೇಲೆ ತಿಳಿಯಿತು. ನಾನು ಏಳಬೇಕೆಂದುಕೊಂಡೆನೇ? ಅಂದುಕೊಂಡೆ ಅಂತಲೇ ಹೇಳುತ್ತೇನೆ. ಆದರೆ ತೊಡೆಯ ಮೇಲಿನ ಭಾರ ಅಲ್ಲಾಡಲಿಲ್ಲ. ಮಡಿಲಲ್ಲಿ ಮಲಗಿದ ಬೆಕ್ಕನ್ನು ಎಬ್ಬಿಸಬಾರದು. ನಮ್ಮವ್ವನ ಮಾತು.

ಎಷ್ಟೋ ಹೊತ್ತಿನ ಮೇಲೆ ದನಿ ನಿಂತಿತು. ಬಡಿಯುವುದೂ ನಿಂತಿತು. ಆಮೇಲೆ ಕೆರೆಯುವ ಸದ್ದು ಬರತೊಡಗಿತು. ಕರ್ರ್, ಕರ್ರ್, ಸ್ವಲ್ಪ ಬಿಡುವು, ಮತ್ತೆ ಕರ್ರ್. ಕೆರೆಯಲಿ ಅಂದುಕೊಂಡೆ. ಶಾಣಿಯೂ ಹೀಗೇ ಕೆರೆದಿತ್ತು. ಒಂದೊಂದು ಸದ್ದೂ ನನ್ನ ಎದೆಯ ಉರಿಯ ಮೇಲೆ ತಣ್ಣೀರು ಹೊಯ್ದ ಹಾಗಾಗುತ್ತಿತ್ತು. ಓದುವ ನಿಮ್ಮಿಂದ ಮುಚ್ಚಿಡುವುದಿಲ್ಲ, ಶಾಣಿ ಹೋದ ಮೇಲೆ ನಾನು ಸುಖವಾಗಿ ಕೂತದ್ದು ಆ ಮಧ್ಯಾಹ್ನ ಮಾತ್ರ. ವೈನಿಗೆ ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು, ತಗಡಿನ ಕೆಳಗೆ ಆ ಸೆಕೆಯಲ್ಲಿ ಏನಾದರೂ ಆಗಬಹುದು ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಜಗತ್ತು ಕಾಣುವುದಿಲ್ಲವಂತೆ. ನನಗೂ ಕಾಣಲಿಲ್ಲ.

ಐದು ಗಂಟೆಗೆ ದೇವಮ್ಮ ಪಾತ್ರೆ ತೊಳೆಯಲು ಬಂದಳು. ಯಾದಗಿರಿಯ ಕಡೆಯವಳು, ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವನು. ಅವಳ ಹತ್ತಿರ ಒಂದು ಕೀಲಿಕೈ ಇರುತ್ತದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟವಳು ಹಾಗೇ ನಿಂತು ಮೇಲೆ ನೋಡಿದಳು. "ಅಕ್ಕಾರ, ಮ್ಯಾಲ ಏನೋ ಕೆರ್ಯಾಕತ್ತೈತಿ. ನಿಮಗ ಕೇಳಾಕತ್ತಿಲ್ಲೇನ್ರಿ?" ಅಂದಳು.

ಅವಳ ದನಿಗೆ ಮಡಿಲ ಭಾರ ಇಳಿಯಿತು. ಜಿಗಿಯಲಿಲ್ಲ, ಸುಮ್ಮನೆ ಇಲ್ಲವಾಯಿತು. ಕಣ್ಣು ತೆರೆದೆ, ಮಡಿಲು ಬರಿದು. ದೇವಮ್ಮ ಆಗಲೇ ಮೆಟ್ಟಿಲು ಹತ್ತಿ ಓಡುತ್ತಿದ್ದಳು. ನಾನು ಎದ್ದು ನಿಲ್ಲಲು ಹೋಗಿ ಬಿದ್ದೆ. ಎರಡೂ ತೊಡೆ ಜೋಮು ಹಿಡಿದು ಕಟ್ಟಿಗೆಯಾಗಿದ್ದವು, ಸೀರೆಯ ನಿರಿಗೆಯ ಮೇಲೆ ಕೈಯಿಟ್ಟರೆ ಅಷ್ಟು ಜಾಗ ಬೆಚ್ಚಗಿತ್ತು.

ವೈನಿ ಬದುಕಿದರು. ದೇವಮ್ಮನ ಗಂಡ ಬಂದು ಹೊತ್ತು ಇಳಿಸಿದ, ಆಸ್ಪತ್ರೆಯಲ್ಲಿ ಎರಡು ದಿನ ಸಲೈನು ಹಾಕಿದರು. ಪ್ರಾಣೇಶ ತಾಯಿಯನ್ನು ಮಿಯಾಪುರಕ್ಕೆ ಕರೆದೊಯ್ಯುವುದೆಂದು ತೀರ್ಮಾನಿಸಿದ. ಅತ್ಯಾ ಮನೆಯಲ್ಲಿ ಮಲಗಿದ್ದರು, ನಿದ್ದೆಯಲ್ಲಿ ಕೇಳಿಸಿಲ್ಲ ಅಂತ ಅವನೇ ಎಲ್ಲರಿಗೂ ಹೇಳಿದ. ನಾನು ಅಲ್ಲ ಅನ್ನಲಿಲ್ಲ.

ಸಾಮಾನು ಕಟ್ಟಿದ ದಿನ ವೈನಿ ನನ್ನನ್ನು ಮೇಲೆ ಕರೆಸಿದರು. ಹಾಸಿಗೆಯ ಮೇಲೆ ಕೂತಿದ್ದರು, ಬಹಳ ಸೊರಗಿದ್ದರು. ಮಗ ಕೆಳಗೆ ಹೋದ ಮೇಲೆ, ನೀನು ಅವತ್ತು ಎಚ್ಚರ ಇದ್ದಿ, ಹೌದಲ್ಲ ಅಂತ ಕೇಳಿದರು. ಹೌದು ವೈನಿ ಅಂದೆ. ಬೆಕ್ಕು ಮಡಿಲಲ್ಲಿ ಮಲಗಿತ್ತು ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. ಅವರ ಉಗುರುಗಳನ್ನು ನಾನು ಆಗ ನೋಡಿದೆ, ಯಾವಾಗಿನಂತೆ ಬುಡಕ್ಕೆ ಕತ್ತರಿಸಿದ್ದವು, ಒಂದೂ ಮುರಿದಿರಲಿಲ್ಲ.

"ನಿನ್ನ ಮಡಲಾಗ ಹ್ಯಾಂಗ ಇರ್ತದ?" ಅಂದರು. "ನಾ ಬಡದದ್ದು ಮೊದಲಿನ ಅರ್ಧಾ ತಾಸಷ್ಟ. ಆಮ್ಯಾಲೆ ಕೈಯಾಗ ಜೀವಾ ಇರಲಿಲ್ಲ, ಗ್ವಾಡಿಗೆ ಬಿದ್ಕೊಂಡಿದ್ದೆ. ಕೆರೀಲಿಕ್ಕೆ ಹತ್ತಿದ್ದು ಅದು. ನನ್ನ ಮಗ್ಗಲದಾಗ ನಿಂತು ಸಂಜೀತನಕ ಕೆರೀತು. ನನಗಾಗಿ ಕೆರೀತು."

ಇದಾಗಿ ನಾಲ್ಕು ವರ್ಷ. ವೈನಿ ಮಿಯಾಪುರದಲ್ಲಿ ಚೆನ್ನಾಗಿದ್ದಾರೆ, ಹಬ್ಬಕ್ಕೆ ಫೋನು ಮಾಡುತ್ತಾರೆ, ಉಂಡೆಯಾ ಅಂತ ಕೇಳುತ್ತಾರೆ. ಮಿಯಾಪುರದಲ್ಲಿ ಕೂತಾಗ ಅವರಿಗೆ ಬೆಕ್ಕಿನ ನೆನಪಾಗಿತ್ತೋ ಇಲ್ಲವೋ ನಾನು ಮತ್ತೆ ಕೇಳಿಲ್ಲ. ಆ ಸಿಟ್ಟು ಇನ್ನೂ ಇದೆ. ಗುಂಡುಕಲ್ಲು ಕರಿಬೇವಿನ ಬುಡದಲ್ಲೇ ಇದೆ.

ಸಕ್ಕರೆ ಇಳಿದು ಅವರಿಗೆ ಭ್ರಮೆ ಆಗಿರಬಹುದು ಅಂತ ಡಾಕ್ಟರು ಹೇಳಿದರಂತೆ. ಇರಬಹುದು. ಆದರೆ ಸಕ್ಕರೆ ಇಳಿಯದ ದೇವಮ್ಮ ಕೆರೆಯುವ ಸದ್ದು ಕೇಳಿದಳು, ನಾನೂ ಕೇಳಿದೆ. ಶಾಣಿ ತನ್ನನ್ನು ಕೊಂದವಳ ಪಕ್ಕದಲ್ಲಿ ನಿಂತು, ಬಾಗಿಲು ತೆಗೆಯಿರಿ ಅಂತ ಸಂಜೆಯವರೆಗೆ ಕೆರೆದದ್ದೇ ನಿಜವಾದರೆ, ನನ್ನ ಮಡಿಲಲ್ಲಿ ಅಷ್ಟು ಹೊತ್ತು ಬೆಚ್ಚಗೆ ಮಲಗಿದ್ದು ಏನು? ಅದರ ಕ್ರಮವೆಲ್ಲ ಗೊತ್ತಿದ್ದು, ಎಡಕ್ಕೇ ಸುತ್ತಿ ಮಲಗಿದ್ದು ಯಾವುದು?

ತಿಳಿಯುವ ದಾರಿ ಒಂದಿದೆ. ಬಾಗಿಲಿಗೆ ಹೊಸ ಬಣ್ಣ ಹಚ್ಚಿಸಿದ್ದು ಶಾಣಿ ಸತ್ತ ಮೇಲೆ. ಮಾಳಿಗೆಗೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಆ ಹಸಿರು ಬಣ್ಣದ ಮೇಲೆ ನೆಲದಿಂದ ಒಂದು ಗೇಣು ನೋಡಿದರೆ ಆಯಿತು. ಗೀರು ಇರಬೇಕು, ಇಲ್ಲವೇ ಇರಬಾರದು. ಇದ್ದರೆ, ಶಾಣಿ ಅವತ್ತು ಇದ್ದದ್ದು ಅಲ್ಲಿ, ನನ್ನ ಮಡಿಲಲ್ಲಿ ಅಲ್ಲ. ದೇವಮ್ಮ ದಿನಾ ಬಟ್ಟೆ ಒಣಗಿಸಲು ಹೋಗುತ್ತಾಳೆ, ಅವಳನ್ನಾದರೂ ಕೇಳಬಹುದು. ಕೇಳಿಲ್ಲ. ಮಕ್ಕಳಿಗೆ ಕಪಾಟಿನ ಹಿಂದೆ ಕೈ ಹಾಕಿ ನೋಡು ಅನ್ನುವ ನಾನು, ಮೂವತ್ತೆರಡು ಮೆಟ್ಟಿಲು, ನಾಲ್ಕು ವರ್ಷದಿಂದ ಹತ್ತಿಲ್ಲ.